ನಡುನೀರಲ್ಲಿ ವಲಸಿಗರ ದೋಣಿ ಸಿಕ್ರೆ ಏನ್ ಮಾಡ್ತಾರೆ?

ವಾಸ್ಕೋದಲ್ಲಿ ನಮ್ಮ ಕೆಳಗಿನ ಮನೆ ಅಣ್ಣ ಅಂಕೋಲದವರು, ಕಾರ್ಗೋ ಹಡಗಲ್ಲಿ ಸೆಕೆಂಡ್ ಆಫೀಸರ್. ರಜೆಗೆ ಬಂದಾಗ ಚಾ ಕುಡೀತಾ ಅವರು ಹೇಳಿದ್ದು, ನಾನು ಓದಿದ್ದು ಎರಡೂ ಸೇರಿಸಿ ಬರೀತಿದ್ದೀನಿ.

ಮೊದಲು ಜನರನ್ನ ಮೇಲೆತ್ತಬೇಕು. ಯಾವ ದೇಶ, ಪಾಸ್‌ಪೋರ್ಟ್ ಇದ್ಯಾ, ಅದೆಲ್ಲ ಆಮೇಲೆ. 1982ರ ಕಡಲ ಕಾನೂನು ಒಪ್ಪಂದದ 98ನೇ ವಿಧಿ ಇದನ್ನೇ ಹೇಳೋದು. ಹೋಗ್ಲಿಲ್ಲ ಅಂದ್ರೆ ಯಾಕೆ ಹೋಗ್ಲಿಲ್ಲ ಅಂತ ಕ್ಯಾಪ್ಟನ್ ಲಾಗ್‌ಬುಕ್‌ನಲ್ಲಿ ಬರೀಬೇಕು ಅನ್ನೋದು SOLAS ಅನ್ನೋ ಹಡಗು ಸುರಕ್ಷತಾ ಒಪ್ಪಂದದ ರೂಲ್. ಎತ್ತೋದು ಅಂದ್ರೆ ಸುಮ್ನೆ ಅಲ್ಲ ಮಾರಾಯ್ರೆ: ದೊಡ್ಡ ಹಡಗು ಕಂಡಿದ್ದೇ ತಡ ಎಲ್ರೂ ಒಂದೇ ಬದಿಗೆ ಬಂದು ನಿಂತ್ಬಿಟ್ರೆ ದೋಣಿ ಮಗುಚುತ್ತೆ, ಅದಕ್ಕೆ ಗಾಳಿ ಬೀಸೋ ಕಡೆ ಹಡಗು ಅಡ್ಡ ನಿಲ್ಲಿಸಿ ಮರೆ ಮಾಡಿ, ಲೈಫ್ ಜಾಕೆಟ್ ಕೊಟ್ಟು, ಹಗ್ಗದ ಏಣಿ ಬಿಟ್ಟು ಒಬ್ಬೊಬ್ಬರನ್ನೇ ಹತ್ತಿಸ್ಕೋಬೇಕು.

ಆಮೇಲೆ ದಡದಲ್ಲಿ ರಕ್ಷಣಾ ಕೆಲಸ ನೋಡ್ಕೊಳ್ಳೋ ಕಂಟ್ರೋಲ್ ಸೆಂಟರ್‌ಗೆ ಸುದ್ದಿ. ಕಡಲಲ್ಲಿ ಹುಡುಕಾಟ, ರಕ್ಷಣೆ ಬಗ್ಗೆ ಆದ 1979ರ ಒಪ್ಪಂದದಡಿ ದೇಶಗಳು ಸಮುದ್ರನ ರಕ್ಷಣಾ ವಲಯಗಳಾಗಿ ಹಂಚ್ಕೊಂಡಿವೆ, ನಮ್ಮ ಈ ಕಡೆ ಕೋಸ್ಟ್ ಗಾರ್ಡ್‌ನ ಮುಂಬೈ ಸೆಂಟರ್ ನೋಡ್ಕೊಳ್ಳುತ್ತೆ.

ಜಗಳ ಶುರುವಾಗೋದೇ ಮೂರನೇ ಹಂತದಲ್ಲಿ, ಎಲ್ಲಿ ಇಳಿಸೋದು ಅಂತ. 'ಸುರಕ್ಷಿತ ಜಾಗ'ಕ್ಕೆ ತಲುಪಿಸ್ಬೇಕು ಅಂತ ರೂಲ್ ಇದೆ, ಆದ್ರೆ ಇಂಥ ದೇಶನೇ ಬಂದರು ತೆಗೀಬೇಕು ಅಂತ ಖಡಾಖಂಡಿತ ಇಲ್ಲ. 2001ರಲ್ಲಿ ನಾರ್ವೆಯ ಟಾಂಪಾ ಹಡಗು 433 ಜನರನ್ನ ಎತ್ಕೊಂಡು ಆಸ್ಟ್ರೇಲಿಯಾದ ಕ್ರಿಸ್‌ಮಸ್ ದ್ವೀಪದ ಹತ್ರ ಬಂತು, ಆಸ್ಟ್ರೇಲಿಯಾ ಒಳಗೆ ಬಿಡೋದ್ ಬಿಟ್ಟು ಸೈನಿಕರನ್ನ ಹಡಗಿಗೆ ಹತ್ತಿಸ್ತು, ಕೊನೆಗೆ ಅವರೆಲ್ಲ ಹೋಗಿದ್ದು ಪೆಸಿಫಿಕ್‌ನ ಪುಟ್ಟ ದ್ವೀಪ ದೇಶ ನೌರು ಮತ್ತೆ ನ್ಯೂಜಿಲೆಂಡ್‌ಗೆ.

ನಾಲ್ಕನೇದು, ವಾಪಸ್ ಕಳ್ಸೋ ಮುಂಚೆ ಅಲ್ಲಿ ಇವರ ಜೀವಕ್ಕೆ ಅಪಾಯ ಇದ್ಯಾ ಅಂತ ವಿಚಾರಿಸೋದು. ಇಲ್ಲಿ ಕೋರ್ಟುಗಳೇ ಒಂದೊಂದು ಥರ. ಹೈಟಿಯವರನ್ನ ನಡುನೀರಿಂದ್ಲೇ ವಾಪಸ್ ಕಳ್ಸಿದ್ದು ಸರಿ ಅಂತ 1993ರಲ್ಲಿ ಅಮೆರಿಕ ಸುಪ್ರೀಂ ಕೋರ್ಟ್ ಅಂದ್ರೆ, 2009ರಲ್ಲಿ ಇಟಲಿ ತನ್ನ ಹಡಗಲ್ಲೇ ಜನರನ್ನ ಲಿಬಿಯಾಗೆ ಬಿಟ್ಟು ಬಂದಿದ್ದು ತಪ್ಪು ಅಂತ 2012ರಲ್ಲಿ ಸ್ಟ್ರಾಸ್‌ಬರ್ಗ್‌ನಲ್ಲಿರೋ ಯುರೋಪಿನ ಮಾನವ ಹಕ್ಕುಗಳ ಕೋರ್ಟ್ ಹೇಳ್ತು, ನಿಮ್ಮ ಹಡಗು ಹತ್ತಿದ್ಮೇಲೆ ನೀವೇ ಜವಾಬ್ದಾರರು ಅಂತ.

ಹಾಗಾದ್ರೆ ಹಡಗಿಗೇ ಹತ್ತಿಸದಿದ್ರಾಯ್ತು! ತೀರ್ಪನ್ನ ಇಟಲಿಯವರು ಹಾಗೇ ಓದ್ಕೊಂಡ್ರು ಅಂತ ನನ್ನ ಅನಿಸಿಕೆ. 2017ರಲ್ಲಿ ಇಟಲಿ ಲಿಬಿಯಾ ಜೊತೆ ಒಪ್ಪಂದ ಮಾಡ್ಕೊಂಡು ಅವರ ಕೋಸ್ಟ್ ಗಾರ್ಡ್‌ಗೇ ಬೋಟು, ಟ್ರೇನಿಂಗ್ ಕೊಡ್ತು. ಈಗ ಹಿಡಿಯೋರು ಅವರು, ಹಿಡಿದವರು ಸೇರೋದು ಲಿಬಿಯಾದ ಬಂಧನ ಕೇಂದ್ರಕ್ಕೆ.