ಹಣ್ಣಿನ ನೊಣದಲ್ಲಿ ಒತ್ತಡಕ್ಕೆ ಕಿಣ್ವ ಎಚ್ಚರಗೊಳ್ಳುವುದನ್ನು ಕಾಣುವುದು ಹೇಗೆ?

ಕಳಿತ ಬಾಳೆಹಣ್ಣಿನ ಸುತ್ತ ಸುಳಿದಾಡುವ ಪುಟ್ಟ ನೊಣದ ಜೀವಕೋಶಗಳಲ್ಲಿ ಜೆಎನ್‌ಕೆ ಎಂಬ ಕಿಣ್ವವಿದೆ. ನೊಣದಲ್ಲಿ ಇದರ ಜೀನಿಗೆ ‘ಬಾಸ್ಕೆಟ್’ ಎಂದು ಹೆಸರು. ಅದು ಪೂರ್ತಿ ಕೆಟ್ಟರೆ ಭ್ರೂಣದ ಬೆನ್ನು ಮುಚ್ಚಿಕೊಳ್ಳುವುದೇ ಇಲ್ಲ. ವಿಷವೋ ನೇರಳಾತೀತ ಕಿರಣವೋ ತಗುಲಿ ಒತ್ತಡ ಬಿದ್ದಾಗ ಕೋಶವು ಹೊಸ ಕಿಣ್ವ ತಯಾರಾಗಲೆಂದು ಕಾಯುವುದಿಲ್ಲ. ಇರುವ ಜೆಎನ್‌ಕೆಗೇ ‘ಹೆಮಿಪ್ಟೆರಸ್’ ಎಂಬ ಇನ್ನೊಂದು ಕಿಣ್ವ ಫಾಸ್ಫೇಟ್ ಎಂಬ ಪುಟ್ಟ ರಾಸಾಯನಿಕ ತುಣುಕನ್ನು ಅಂಟಿಸಿ ಅದನ್ನು ಎಚ್ಚರಿಸುತ್ತದೆ. ಹಾಗಾಗಿ ನಾವು ಅಳೆಯಬೇಕಾದದ್ದು ಕಿಣ್ವದ ಒಟ್ಟು ಪ್ರಮಾಣವನ್ನಲ್ಲ, ಫಾಸ್ಫೇಟ್ ಅಂಟಿದ ಪಾಲನ್ನು.

ಮೊದಲಿಗೆ ರವೆ, ಬೆಲ್ಲ, ಅಗರ್ ಬೇಯಿಸಿದ ಆಹಾರದಲ್ಲಿ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೊಣಗಳನ್ನು ಬೆಳೆಸಿ. ಮೊಟ್ಟೆ ನೊಣವಾಗಲು ಸುಮಾರು 10 ದಿನ ಬೇಕು. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಇಂಥ ನೊಣಗಳ ತಳಿ ಸಂಗ್ರಹ ಕೇಂದ್ರವೇ ಇದೆ. ಒಂದೇ ವಯಸ್ಸಿನ, ಒಂದೇ ಲಿಂಗದ ನೊಣಗಳನ್ನು ಆರಿಸಿ, ಸೀಸೆಯಲ್ಲಿ ಕಿಕ್ಕಿರಿಸದೆ ಇಡಿ, ಏಕೆಂದರೆ ದಟ್ಟಣೆಯೂ ಒತ್ತಡವೇ.

ಕೆಲವು ಗಂಟೆ ಉಪವಾಸವಿಟ್ಟ ಬಳಿಕ ಒಂದು ಗುಂಪಿಗೆ ಸಕ್ಕರೆ ನೀರಿನಲ್ಲಿ ನೆನೆಸಿದ ಶೋಧಕ ಕಾಗದವನ್ನೂ ಇನ್ನೊಂದಕ್ಕೆ ಪ್ಯಾರಾಕ್ವಾಟ್ ಬೆರೆಸಿದ ಅದೇ ಸಕ್ಕರೆ ನೀರಿನದನ್ನೂ ಕೊಡಿ. ಪ್ಯಾರಾಕ್ವಾಟ್ ಕಳೆನಾಶಕ, ಮನುಷ್ಯರ ದೇಹ ಸೇರಿದರೆ ಪ್ರತಿವಿಷವಿಲ್ಲ. ಆದ್ದರಿಂದ ತರಬೇತಿ ಪಡೆದವರು, ಸುರಕ್ಷಿತ ಪ್ರಯೋಗಾಲಯದಲ್ಲಿ ಮಾತ್ರ ಇದನ್ನು ಮುಟ್ಟಬೇಕು.

ಇಡೀ ಪ್ರಯೋಗ ಕೆಡುವುದು ಹೆಚ್ಚಾಗಿ ಮುಂದಿನ ಹಂತದಲ್ಲಿ. ನೊಣವನ್ನು ಅರೆದೊಡನೆ ಕೋಶದೊಳಗಿನ ಫಾಸ್ಫಟೇಸ್ ಕಿಣ್ವಗಳು ಅಂಟಿದ ಫಾಸ್ಫೇಟನ್ನು ಕಿತ್ತುಹಾಕತೊಡಗುತ್ತವೆ. ಮೇಜಿನ ಮೇಲೆ ಕೊಳವೆಯನ್ನು ಮರೆತು ಹರಟಿದರೆ ಕಾಣಬೇಕಾದ ಗುರುತೇ ಅಳಿಸಿಹೋದೀತು. ನೊಣಗಳನ್ನು ದ್ರವ ಸಾರಜನಕದಲ್ಲಿ ತಟ್ಟನೆ ಹೆಪ್ಪುಗಟ್ಟಿಸಿ, ಫಾಸ್ಫಟೇಸ್ ತಡೆಯುವ ರಾಸಾಯನಿಕ ಬೆರೆತ ತಣ್ಣನೆಯ ದ್ರಾವಣದಲ್ಲಿ, ಮಂಜುಗಡ್ಡೆಯ ಮೇಲೆಯೇ ಅರೆಯಿರಿ.

ಸಾರದ ಪ್ರೋಟೀನುಗಳನ್ನು ಜೆಲ್‌ನಲ್ಲಿ ಗಾತ್ರಕ್ಕನುಗುಣವಾಗಿ ಬೇರ್ಪಡಿಸಿ, ತೆಳು ಹಾಳೆಯಂಥ ಪೊರೆಗೆ ವರ್ಗಾಯಿಸಿ, ಫಾಸ್ಫೇಟ್ ಅಂಟಿದ ಜೆಎನ್‌ಕೆಯನ್ನಷ್ಟೇ ಹಿಡಿಯುವ ಪ್ರತಿಕಾಯದಿಂದ ಒಮ್ಮೆ, ಒಟ್ಟು ಜೆಎನ್‌ಕೆಯನ್ನು ಹಿಡಿಯುವ ಪ್ರತಿಕಾಯದಿಂದ ಇನ್ನೊಮ್ಮೆ ಪರೀಕ್ಷಿಸಿ. ಪ್ರತಿಕಾಯ ಹಿಡಿದ ಕಡೆ ಪೊರೆಯ ಮೇಲೆ ಗೆರೆಯಂಥ ಪಟ್ಟಿ ಕಾಣುತ್ತದೆ. ಒಟ್ಟು ಜೆಎನ್‌ಕೆಯ ಪಟ್ಟಿ ಎರಡೂ ಗುಂಪುಗಳಲ್ಲಿ ಸಮನಾಗಿದ್ದು, ಫಾಸ್ಫೇಟ್ ಅಂಟಿದ್ದರ ಪಟ್ಟಿ ವಿಷವುಂಡ ಗುಂಪಿನಲ್ಲಿ ಗಾಢವಾಗಿದ್ದರೆ ಮಾತ್ರ ಕಿಣ್ವ ಎಚ್ಚರಗೊಂಡಿತೆನ್ನಬಹುದು.

ಒಂದೇ ಹೊತ್ತಿನ ಮಾದರಿ ಸಾಲದು. ಎಚ್ಚರಗೊಂಡ ಜೆಎನ್‌ಕೆ ‘ಪಕರ್ಡ್’ ಎಂಬ ಜೀನನ್ನು ಚಾಲೂ ಮಾಡುತ್ತದೆ. ಅದರಿಂದ ಹುಟ್ಟುವ ಫಾಸ್ಫಟೇಸ್ ಜೆಎನ್‌ಕೆಯ ಫಾಸ್ಫೇಟನ್ನೇ ಕಿತ್ತು ಅದನ್ನು ಮತ್ತೆ ತಣ್ಣಗಾಗಿಸುತ್ತದೆ. ಬೇರೆ ಬೇರೆ ಗಂಟೆಗಳಲ್ಲಿ ಮಾದರಿ ತೆಗೆದರೆ ಈ ಏರಿಳಿತವೂ ಕಣ್ಣಿಗೆ ಬೀಳುತ್ತದೆ. ಪಕರ್ಡ್ ಜೀನಿನ ಎರಡು ಪ್ರತಿಗಳಲ್ಲಿ ಒಂದನ್ನು ಕಳೆದುಕೊಂಡ ನೊಣಗಳು ಪ್ಯಾರಾಕ್ವಾಟನ್ನು ಹೆಚ್ಚು ತಾಳಿಕೊಂಡವೆಂದೂ ಹೆಚ್ಚು ದಿನ ಬದುಕಿದವೆಂದೂ 2003ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು.