ಇಬ್ಬರು, ಒಂದು ಹಗ್ಗ: ಮ್ಯೋಂಖ್ ಶಿಖರ ಏರುವುದು ಹೇಗೆ?

ಸ್ವಿಟ್ಜರ್ಲೆಂಡ್ ಪ್ರವಾಸಕ್ಕೆ ಹೋಗುವ ನಮ್ಮವರಲ್ಲಿ ಅನೇಕರು ಯುಂಗ್‌ಫ್ರಾವ್‌ಯೋಕ್‌ಗೆ ರೈಲಿನಲ್ಲಿ ಹೋಗಿ, ಹಿಮದಲ್ಲಿ ಫೋಟೊ ತೆಗೆಸಿಕೊಂಡು ಇಳಿದು ಬರುತ್ತಾರೆ. ಆ ನಿಲ್ದಾಣದ ಪಕ್ಕದಲ್ಲೇ ಎದ್ದು ನಿಂತಿದೆ ಮ್ಯೋಂಖ್. ಎತ್ತರ 4110 ಮೀಟರ್. 1857ರಲ್ಲಿ ಮೊದಲ ಬಾರಿಗೆ ಇದನ್ನು ಏರಿದವರಿಗೆ ರೈಲಿರಲಿಲ್ಲ, ಅದು ಬಂದದ್ದು 1912ರಲ್ಲಿ. ಈಗ ರೈಲೇ 3454 ಮೀಟರ್‌ವರೆಗೆ ಬಿಡುವುದರಿಂದ, ಆಗ್ನೇಯದ ಏಣಿನ (ಬೆಟ್ಟದ ಕಿರಿದಾದ ಬೆನ್ನಿನ) ಬುಡದಿಂದ ತುದಿಗೆ ಏರಬೇಕಾದ್ದು 500 ಮೀಟರಿಗೂ ಕಡಿಮೆ. ಆದರೆ ಅಷ್ಟರಲ್ಲೇ ಬಂಡೆ, ಹಿಮ, ಇಕ್ಕಟ್ಟಾದ ನೆತ್ತಿ ಎಲ್ಲವೂ ಇವೆ.

ಮೊದಲು ಕಲಿಕೆ. ರಾಮನಗರ, ಬಾದಾಮಿಯ ಬಂಡೆಗಳಲ್ಲಿ ಹತ್ತಿದವರಿಗೆ ಇಲ್ಲಿನ ಬಂಡೆ ಕಷ್ಟವೇನಲ್ಲ. ಹಿಮದ ಪಾಠ ಮಾತ್ರ ಅಲ್ಲಿ ಸಿಗುವುದಿಲ್ಲ. ಉತ್ತರಕಾಶಿ ಅಥವಾ ಡಾರ್ಜಿಲಿಂಗ್‌ನ ಪರ್ವತಾರೋಹಣ ಸಂಸ್ಥೆಯಲ್ಲಿ ಬೇಸಿಕ್ ಕೋರ್ಸ್ ಮಾಡಿ. ಜಾರಿದಾಗ ಐಸ್ ಆ್ಯಕ್ಸ್ (ಹಿಮ ಕೊಡಲಿ) ಊರಿ ನಿಲ್ಲುವುದು, ಕ್ರ್ಯಾಂಪಾನ್ (ಬೂಟಿನಡಿ ಕಟ್ಟುವ ಲೋಹದ ಹಲ್ಲುಗಳು) ಹಾಕಿಕೊಂಡೇ ಬಂಡೆ ಹತ್ತುವುದು, ಇವೆರಡೂ ಮೈಗೆ ಹತ್ತಿರಬೇಕು. ಇಬ್ಬರಲ್ಲಿ ಒಬ್ಬರಿಗಾದರೂ ಇಂಥ ಏಣುಗಳ ಅನುಭವ ಇಲ್ಲದಿದ್ದರೆ ಪರವಾನಗಿ ಇರುವ ಸ್ಥಳೀಯ ಗೈಡ್ ಜೊತೆಗೇ ಹೋಗಿ. ಇದರಲ್ಲಿ ದುಡ್ಡು ಉಳಿಸಬೇಡಿ.

ಆಮೇಲೆ ಎತ್ತರಕ್ಕೆ ಒಗ್ಗಿಕೊಳ್ಳುವುದು. ಕೆಳಗಿನ ಕಣಿವೆಯ ಊರು ಇಂಟರ್‌ಲಾಕನ್ ಇರುವುದು 600 ಮೀಟರಿಗೂ ಕೆಳಗೆ. ಅಲ್ಲಿಂದ ಕೆಲವೇ ಗಂಟೆಗಳಲ್ಲಿ ಮೇಲೆ ಬಂದರೆ ತಲೆನೋವು, ವಾಕರಿಕೆ ಸಹಜ. ಒಂದೆರಡು ದಿನ ನಡುವಿನ ಎತ್ತರದಲ್ಲಿ ಓಡಾಡಿ, ನಂತರ ನಿಲ್ದಾಣದಿಂದ ಸುಮಾರು ಒಂದು ಗಂಟೆ ನಡೆದು ಮ್ಯೋಂಖ್ಸ್‌ಯೋಕ್ ಹಟ್‌ನಲ್ಲಿ (ಪರ್ವತಾರೋಹಿಗಳ ತಂಗುಮನೆ) ರಾತ್ರಿ ತಂಗಿ. ದಾರಿ ಗುರುತು ಮಾಡಿರುತ್ತದೆ. ಅದನ್ನು ಬಿಟ್ಟು ಸುಮ್ನೆ ಫೋಟೊಗೆಂದು ಪಕ್ಕಕ್ಕೆ ಹೋಗಬೇಡಿ, ಹಿಮನದಿಯ ಬಿರುಕುಗಳು ಹೊಸ ಹಿಮದಡಿ ಕಾಣುವುದೇ ಇಲ್ಲ.

ಬೆಳಗ್ಗೆ ಬೇಗ ಹೊರಡಿ. ರಾತ್ರಿ ಗಟ್ಟಿಯಾದ ಹಿಮದಲ್ಲಿ ಕ್ರ್ಯಾಂಪಾನ್ ಚೆನ್ನಾಗಿ ಕಚ್ಚುತ್ತದೆ. ಮಧ್ಯಾಹ್ನದ ಹೊತ್ತಿಗೆ ಅದೇ ಹಿಮ ಮೆತ್ತಗಾಗಿ ಹಲ್ಲುಗಳ ನಡುವೆ ಉಂಡೆ ಕಟ್ಟುತ್ತದೆ. ಆಗಾಗ ಐಸ್ ಆ್ಯಕ್ಸ್ ಹಿಡಿಯಿಂದ ತಟ್ಟಿ ಉದುರಿಸಿ.

ಈಗ ಹಗ್ಗದ ವಿಷಯ. ಇಬ್ಬರನ್ನು ಕಟ್ಟಿದ ಮಾತ್ರಕ್ಕೆ ಯಾರೂ ಸುರಕ್ಷಿತರಲ್ಲ. ಹಗ್ಗವನ್ನು ಹಿಡಿದು ನಿಲ್ಲಿಸುವ ಏನಾದರೂ ಬೇಕು, ಇಲ್ಲದಿದ್ದರೆ ಜಾರಿದವರು ಜೊತೆಗಾರರನ್ನೂ ಎಳೆದುಕೊಂಡು ಹೋಗುತ್ತಾರೆ. 1865ರಲ್ಲಿ ಆಲ್ಪ್ಸ್‌ನ ಇನ್ನೊಂದು ಶಿಖರ ಮ್ಯಾಟರ್‌ಹಾರ್ನ್ ಇಳಿಯುವಾಗ ಒಬ್ಬರು ಜಾರಿ, ಒಂದೇ ಹಗ್ಗದಲ್ಲಿದ್ದ ಏಳು ಮಂದಿಯಲ್ಲಿ ನಾಲ್ವರು ಸತ್ತರು. ಉಳಿದವರು ಬದುಕಿದ್ದು ಹಗ್ಗ ತುಂಡಾದ್ದರಿಂದ.

ಹಾಗಾಗಿ ನೆಲ ಬದಲಾದಂತೆ ಹಗ್ಗದ ಅಳತೆಯೂ ಬದಲಾಗಬೇಕು. ಬಂಡೆಯ ಏಣಿನಲ್ಲಿ ಇಬ್ಬರ ನಡುವೆ ಐದಾರು ಮೀಟರ್ ಇದ್ದರೆ ಸಾಕು. ಉಳಿದದ್ದನ್ನು ಭುಜದ ಮೇಲೆ ಸುತ್ತಿ, ಹಾರ್ನೆಸ್‌ಗೆ (ಸೊಂಟ, ತೊಡೆಗೆ ಕಟ್ಟುವ ಪಟ್ಟಿ) ಗಂಟು ಹಾಕಿ. ಗಂಟು ಹಾಕದೆ ಬಿಟ್ಟರೆ ಬಿದ್ದಾಗ ಸುರುಳಿ ಕತ್ತು ಬಿಗಿಯುತ್ತದೆ. ಮುಂದಿನವರು ಬಂಡೆಯ ಚೂಪುಗಳ ಎಡಕ್ಕೊಮ್ಮೆ ಬಲಕ್ಕೊಮ್ಮೆ ಹಗ್ಗ ಹಾಯಿಸುತ್ತಾ ಹೋಗಬೇಕು. ಯಾವಾಗಲೂ ಇಬ್ಬರ ನಡುವೆ ಒಂದು ಗಟ್ಟಿ ಚೂಪು ಇರಲಿ. ಈ ದಾರಿಯಲ್ಲಿ ಅಲ್ಲಲ್ಲಿ ಕಬ್ಬಿಣದ ಸರಳುಗಳೂ ಇವೆ, ಬಳಸಿಕೊಳ್ಳಿ. ಕಡಿದಾದ ಕಡೆ ಒಬ್ಬರು ನಿಂತು ಹಗ್ಗ ಹಿಡಿಯಿರಿ, ಇನ್ನೊಬ್ಬರು ಹತ್ತಲಿ.

ತುದಿಯ ಹತ್ತಿರ ಹಿಮದ ನೆತ್ತಿ ತೀರಾ ಕಿರಿದು, ಎರಡೂ ಕಡೆ ಪ್ರಪಾತ. ಇಲ್ಲಿ ಹಗ್ಗ ಸುತ್ತಲು ಬಂಡೆ ಇಲ್ಲ. ಹಗ್ಗ ಉದ್ದ ಬಿಡಿ. ಒಬ್ಬರು ಒಂದು ಕಡೆ ಬಿದ್ದರೆ ಇನ್ನೊಬ್ಬರು ತಕ್ಷಣ ಇನ್ನೊಂದು ಕಡೆಗೆ ಹಾರಬೇಕು. ಕೇಳಲು ಭಯ ಆಗುತ್ತೆ ಅಲ್ವಾ? ಆದರೂ ಅಲ್ಲಿ ಇರುವ ಉಪಾಯ ಅದೇ, ಹೊರಡುವ ಮುಂಚೆಯೇ ಇಬ್ಬರೂ ಮಾತಾಡಿಕೊಂಡಿರಿ. ಗಾಳಿ ಕಟ್ಟಿದ ಹಿಮದ ಚಾಚು ಕೆಳಗೆ ಟೊಳ್ಳಾಗಿರುತ್ತದೆ, ಅದರ ಅಂಚಿನಿಂದ ದೂರವಿರಿ. ಜೋರು ಗಾಳಿ ಇದ್ದರೆ ಈ ನೆತ್ತಿಗೆ ಕಾಲಿಡದೆ ಹಿಂದಿರುಗಿ.

ಏರಲು ಎರಡು ಮೂರು ಗಂಟೆ, ಇಳಿಯಲೂ ಹೆಚ್ಚುಕಡಿಮೆ ಅಷ್ಟೇ. ಇಳಿಯುವಾಗ ಅನುಭವ ಜಾಸ್ತಿ ಇರುವವರು ಹಿಂದೆ, ಅಂದರೆ ಮೇಲೆ ಇರಬೇಕು. ಅಪಾಯವಾದರೆ ಹೆಲಿಕಾಪ್ಟರ್‌ನಲ್ಲಿ ಬಂದು ಕಾಪಾಡುವ ಸ್ವಿಸ್ ಸಂಸ್ಥೆ ರೆಗಾದ ಫೋನ್ ಸಂಖ್ಯೆ 1414. ಫೋನ್ ಸಿಗದಿದ್ದರೆ ನಿಮಿಷಕ್ಕೆ 6 ಸಲ ಸೀಟಿ ಊದಿ ಅಥವಾ ಟಾರ್ಚ್ ಮಿನುಗಿಸಿ, ಒಂದು ನಿಮಿಷ ಬಿಟ್ಟು ಮತ್ತೆ ಮಾಡಿ. ಕೆಳಗಿಳಿಯುವ ಕೊನೆಯ ರೈಲಿನ ಹೊತ್ತನ್ನು ಹಿಂದಿನ ದಿನವೇ ನೋಡಿಟ್ಟುಕೊಳ್ಳಿ. ಅದು ತಪ್ಪಿಹೋಗುತ್ತದೆಂದು ಏಣಿನ ಮೇಲೆ ಆತುರ ಮಾಡುವ ಬದಲು, ಹಟ್‌ನಲ್ಲಿ ಇನ್ನೊಂದು ರಾತ್ರಿ ಉಳಿಯಿರಿ.