ಮಗ್ಗದ ಮನೆಯಲ್ಲಿ ಪೈ ತಣ್ಣಗಿಟ್ಟ ಬಗೆ

ನಮ್ಮದು ಬೆಟಗೇರಿಯಲ್ಲಿ ಮಗ್ಗದ ಮನೆ. ಕೆಳಗೆ ಎರಡು ಪವರ್‌ಲೂಮ್ ಓಡುತ್ತವೆ, ಮೇಲೆ ತಗಡು ಹೊದಿಸಿದ ಒಂದು ಕೋಣೆ. ಆ ಕೋಣೆಯಲ್ಲೇ ಅಂಗೈಯಗಲದ ಪುಟ್ಟ ಕಂಪ್ಯೂಟರ್ ಆದ ನನ್ನ ರಾಸ್ಪ್‌ಬೆರಿ ಪೈ ಇದೆ. ಅದರಲ್ಲಿ ಬಿಬಿಸಿ ಮೈಕ್ರೋ ಎಮ್ಯುಲೇಟರ್ ಹಾಕಿಕೊಂಡಿದ್ದೇನೆ, ಅಂದರೆ 1980ರ ದಶಕದ ಬ್ರಿಟಿಷ್ ಕಂಪ್ಯೂಟರಾದ ಬಿಬಿಸಿ ಮೈಕ್ರೋದ ಹಾಗೆ ಪೈಯನ್ನು ನಡೆಸುವ ಸಾಫ್ಟ್‌ವೇರ್.

ಇಷ್ಟೊಂದು ಹಳೆಯ ಕಂಪ್ಯೂಟರ್ ಇರುವಾಗ ಬಿಬಿಸಿ ಮೈಕ್ರೋನೇ ಯಾಕೆ ಅಂದರೆ, ನಮ್ಮ ಕಾಕಾನ ಸಲುವಾಗಿ. 1984ರಲ್ಲಿ ಕೇಂದ್ರ ಸರಕಾರ ‘ಕ್ಲಾಸ್’ ಅನ್ನುವ ಯೋಜನೆ ಶುರು ಮಾಡಿ ದೇಶದ ಹಲವು ಶಾಲೆಗಳಿಗೆ ಇದೇ ಕಂಪ್ಯೂಟರ್ ಕೊಟ್ಟಿತ್ತು. ಕಾಕಾ ಆಗಿನ್ನೂ ಹೊಸ ಮಾಸ್ತರ. ತರಬೇತಿಯಲ್ಲಿ ಬರೆದುಕೊಂಡ ಬೇಸಿಕ್ ಭಾಷೆಯ ಪ್ರೋಗ್ರಾಂಗಳ ನೋಟ್‌ಬುಕ್ಕನ್ನು ಇವತ್ತಿಗೂ ಜೋಪಾನ ಮಾಡಿದ್ದಾರೆ. ನೀಲಿ ಶಾಯಿ, ಸಾಲಿಗೊಂದು ನಂಬರ್: 10, 20, 30. ಅವನ್ನೆಲ್ಲ ಓಡಿಸಿ ಅವರಿಗೆ ತೋರಿಸಬೇಕು ಅನ್ನುವುದು ನನ್ನ ಆಸೆ.

ಮೊದಲು ಇದ್ದದ್ದು ಪೈ 3. ಚಳಿಗಾಲದಲ್ಲಿ ಏನೂ ತೊಂದರೆ ಇರಲಿಲ್ಲ. ಏಪ್ರಿಲ್ ಬಂತು. ಒಂದು ಮಧ್ಯಾಹ್ನ ನೋಟ್‌ಬುಕ್ಕಿನಲ್ಲಿದ್ದ ಒಂದು ಚಿಕ್ಕ ರಾಗದ ಪ್ರೋಗ್ರಾಂ ಟೈಪ್ ಮಾಡಿ ಓಡಿಸಿದೆ. ನಾಲ್ಕು ಸ್ವರ ಸರಿ ಬಂದವು, ಐದನೆಯದು ಕಡಿದು ಕಡಿದು ಬಂತು. ಕಾಕಾ ಕಿವಿಗೊಟ್ಟು ಕೇಳಿದರು. “ಯಾಕೋ ತಮ್ಮಾ, ಇದು ತೊದಲಾಕತ್ತೈತಲ್ಲ? ಅವಾಗ ಹಿಂಗ ಇರಲಿಲ್ಲ” ಅಂದರು.

ಬಿಬಿಸಿ ಮೈಕ್ರೋದ 6502 ಪ್ರೊಸೆಸರ್ ಓಡುತ್ತಿದ್ದದ್ದು ಬರೀ 2 ಮೆಗಾಹರ್ಟ್ಸ್‌ನಲ್ಲಿ. ಪೈ 3ರ ವೇಗ 1.2 ಗಿಗಾಹರ್ಟ್ಸ್. ಅಂದರೆ ಆರುನೂರು ಪಟ್ಟು. ಆದರೂ ಯಾಕೆ ಸಾಲದು? ಪರದೆ ಸೆಕೆಂಡಿಗೆ 50 ಸಲ ಬದಲಾಗುತ್ತದೆ. ಪ್ರತಿ ಸಲಕ್ಕೆ 20 ಮಿಲಿಸೆಕೆಂಡ್ ಸಮಯ. ಅಷ್ಟರಲ್ಲಿ ಹಳೆಯ ಪ್ರೊಸೆಸರಿನ ಸುಮಾರು 40,000 ಮಿಡಿತಗಳನ್ನು ಒಂದೂ ಬಿಡದೆ ನಕಲು ಮಾಡಬೇಕು. ಜೊತೆಗೆ ಚಿತ್ರದ ಚಿಪ್ಪು, ಸದ್ದಿನ ಚಿಪ್ಪು, ಟೈಮರ್, ಎಲ್ಲವೂ ಅದರ ತಾಳಕ್ಕೇ ನಡೆಯಬೇಕು. ಈ ಕೆಲಸವೆಲ್ಲ ಹೆಚ್ಚುಕಡಿಮೆ ಪೈಯ ಪ್ರೊಸೆಸರಿನ ನಾಲ್ಕು ಕೋರ್‌ಗಳಲ್ಲಿ (ಲೆಕ್ಕ ಮಾಡುವ ಘಟಕಗಳಲ್ಲಿ) ಒಂದರ ಮೇಲೇ ಬೀಳುತ್ತದೆ, ಉಳಿದ ಮೂರು ಸುಮ್ನೆ ಕೂತಿರುತ್ತವೆ. ಚಿತ್ರದಲ್ಲಿ ಒಂದು ಫ್ರೇಮ್ ತಪ್ಪಿದರೆ ಕಣ್ಣಿಗೆ ಗೊತ್ತಾಗುವುದಿಲ್ಲ, ಸದ್ದು ತಪ್ಪಿದರೆ ಕಿವಿ ತಕ್ಷಣ ಹಿಡಿಯುತ್ತದೆ. ಹಾಗಾಗಿ ನನ್ನ ಮಟ್ಟಿಗೆ ಥರ್ಮಾಮೀಟರ್‌ಗಿಂತ ಮೊದಲು ಎಚ್ಚರಿಸುವುದು ಸ್ಪೀಕರ್.

ಟರ್ಮಿನಲ್‌ನಲ್ಲಿ ನೋಡಿದೆ. ಚಿಪ್ಪು 82 ಡಿಗ್ರಿ ಮುಟ್ಟಿತ್ತು. 80 ದಾಟಿದ ಮೇಲೆ ಪೈ ತನ್ನನ್ನು ಕಾಪಾಡಿಕೊಳ್ಳಲು ತಾನೇ ವೇಗ ಇಳಿಸುತ್ತದೆ. ಅಷ್ಟೇ ಅಲ್ಲ, ಥ್ರಾಟಲ್ ಆಗಿದೆಯಾ, ಅಂದರೆ ವೇಗಕ್ಕೆ ಕಡಿವಾಣ ಬಿದ್ದಿದೆಯಾ ಅಂತ ಕೇಳಿದರೆ 50005 ಅನ್ನುವ ಸಂಖ್ಯೆ ಬಂತು. ಕೊನೆಯ 5 ಅಂದರೆ ಈಗಲೂ ವೋಲ್ಟೇಜ್ ಸಾಲುತ್ತಿಲ್ಲ, ಈಗಲೂ ವೇಗ ಇಳಿದಿದೆ. ಮೊದಲ 5 ಅಂದರೆ ಇವೆರಡೂ ಹಿಂದೆಯೂ ಆಗಿವೆ. ಬಿಸಿ ಒಂದೇ ಕಾರಣ ಅಂದುಕೊಂಡಿದ್ದೆ, ಆದರೆ ಕರೆಂಟಿನದೂ ತಕರಾರು ಇತ್ತು. ನಾನು ಹಳೆಯ ಮೊಬೈಲ್ ಚಾರ್ಜರ್ ಮತ್ತು ಉದ್ದನೆಯ ತೆಳು ಕೇಬಲ್ ಬಳಸುತ್ತಿದ್ದೆ. ವೋಲ್ಟೇಜ್ ಸುಮಾರು 4.63ಕ್ಕಿಂತ ಕೆಳಗೆ ಇಳಿದರೆ ಪೈ ದೂರುತ್ತದೆ. ಇದನ್ನು ನೋಡದೆ ಫ್ಯಾನ್ ಹಚ್ಚಿದ್ದರೆ ಸದ್ದು ತೊದಲುವುದು ನಿಲ್ಲುತ್ತಿರಲಿಲ್ಲ.

ಬಿಬಿಸಿ ಮೈಕ್ರೋದ ನಂತರ ಬಂದ ಆರ್ಕಿಮಿಡೀಸ್ ಕಂಪ್ಯೂಟರಿನ ಎಮ್ಯುಲೇಟರ್ ಕೂಡ ಓಡಿಸುವ ಮನಸ್ಸಿತ್ತು, ಅದು ಪೈ 3ಕ್ಕೆ ಭಾರ. ಹಾಗಾಗಿ ಪೈ 4 ತಂದೆ, ಜೊತೆಗೆ 3 ಆಂಪಿಯರಿನ ಅಡಾಪ್ಟರ್. ಹಳೆಯ ಎಸ್‌ಡಿ ಕಾರ್ಡನ್ನೇ ಸಿಕ್ಕಿಸಲಿಲ್ಲ. ಹೊಸ ಕಾರ್ಡಿಗೆ ಸಿಸ್ಟಂ ಬರೆದು, ಡಿಸ್ಕ್ ಇಮೇಜ್‌ಗಳನ್ನು ಮಾತ್ರ ಕಾಪಿ ಮಾಡಿದೆ. ಕರೆಂಟ್ ಹೋದಾಗ ಕಾರ್ಡ್ ಕೆಡಬಾರದು ಅಂತ ಇನ್ವರ್ಟರ್ ಲೈನಿಗೆ ಹಾಕಿದೆ.

ಪೈ 5 ಯಾಕೆ ತರಲಿಲ್ಲ ಅಂತ ಗೆಳೆಯರು ಕೇಳಿದರು. ಅದಕ್ಕೆ 5 ಆಂಪಿಯರಿನ ಅಡಾಪ್ಟರ್ ಇದ್ದರೆ ಒಳ್ಳೆಯದು, ಕೆಲಸ ಜಾಸ್ತಿಯಾದರೆ ಫ್ಯಾನೂ ಬೇಕು. ನಮ್ಮ ಮನೆಯಲ್ಲಿ ಫ್ಯಾನ್ ಏನಾಗುತ್ತದೆ ಅಂತ ನಾನು ಪೈ 4ರಲ್ಲೇ ಕಂಡೆ.

30 ಮಿಲಿಮೀಟರಿನ ಪುಟ್ಟ ಫ್ಯಾನ್ ಹಚ್ಚಿದ್ದೆ. ಕೆಂಪು ವೈರ್ 4ನೇ ಪಿನ್ನಿಗೆ, ಕಪ್ಪು 6ನೇ ಪಿನ್ನಿಗೆ. ಮೊದಲ ದಿನ 52 ಡಿಗ್ರಿ, ಬಹಳ ಖುಷಿಯಾಯಿತು. ಮೂರು ವಾರ ಕಳೆದ ಮೇಲೆ 71. ಡಬ್ಬಿ ಬಿಚ್ಚಿದರೆ ಫ್ಯಾನಿನ ಕೆಳಗೆ, ಚಿಪ್ಪಿನ ಬಿಸಿ ಹೀರುವ ಲೋಹದ ಹೀಟ್ ಸಿಂಕಿನ ಸಂದುಗಳ ಮೇಲೆ, ಕಂಬಳಿ ತುಂಡಿನ ಹಾಗೆ ನೂಲಿನ ಎಳೆ ಮೆತ್ತಿಕೊಂಡಿತ್ತು. ಕೆಂಪು, ಹಸಿರು. ಕೆಳಗೆ ಆ ತಿಂಗಳು ನೇಯುತ್ತಿದ್ದ ಸೀರೆಯದೇ ಬಣ್ಣ. ಚಿಮಟದಿಂದ ಎತ್ತಿದರೆ ಇಡೀ ತುಂಡು ಒಟ್ಟಿಗೇ ಎದ್ದು ಬಂತು. “ಅದಕ್ಕೊಂದು ತೆಳು ಅರಿವಿ ಕಟ್ಟೋ” ಅಂದಳು ಅವ್ವ. ಕಟ್ಟಿ ನೋಡಿದೆ. ಎಳೆ ನಿಂತಿತು, ಗಾಳಿಯೂ ನಿಂತಿತು.

ಫ್ಯಾನ್ ಬಿಟ್ಟೆ. ಫ್ಯಾನಿಲ್ಲದ, ರೆಕ್ಕೆಗಳಿರುವ ದಪ್ಪ ಅಲ್ಯುಮಿನಿಯಂ ಡಬ್ಬಿ ತರಿಸಿದೆ. ಇದರಲ್ಲಿ ಡಬ್ಬಿಯೇ ಹೀಟ್ ಸಿಂಕ್. ಚಿಪ್ಪಿನ ಮೇಲೆ ಬಿಸಿ ದಾಟಿಸುವ ಮೆತ್ತನೆಯ ಥರ್ಮಲ್ ಪ್ಯಾಡ್, ಅದರ ಮೇಲೆ ಡಬ್ಬಿಯ ಗುಬಟು. ಮೊದಲ ಸಲ ಕೂರಿಸಿದಾಗ 78 ಡಿಗ್ರಿ ಬಂತು, ಡಬ್ಬಿ ಮಾತ್ರ ತಣ್ಣಗಿತ್ತು. ಸಂಶಯ ಬಂದು ಬಿಚ್ಚಿದೆ. ಪ್ಯಾಡಿನ ಎರಡೂ ಬದಿಗೆ ತೆಳು ಪ್ಲಾಸ್ಟಿಕ್ ಹಾಳೆ ಇರುತ್ತದೆ, ನಾನು ಒಂದನ್ನೇ ಕಿತ್ತಿದ್ದೆ. ಇನ್ನೊಂದನ್ನೂ ಕಿತ್ತು ಕೂರಿಸಿದ ಮೇಲೆ ಡಬ್ಬಿ ಕೈಗೆ ಬೆಚ್ಚಗೆ ಹತ್ತಿತು, ಚಿಪ್ಪು 66ಕ್ಕೆ ಇಳಿಯಿತು. ಚಿಪ್ಪು ಬಿಸಿ, ಡಬ್ಬಿ ತಣ್ಣಗೆ ಅಂದರೆ ನಡುವೆ ಏನೋ ಅಡ್ಡ ಇದೆ ಅಂತಲೇ ತಿಳಿಯಬೇಕು.

ಇನ್ನೊಂದು ಸಂಗತಿಗೆ ಒಂದು ರೂಪಾಯಿಯೂ ಖರ್ಚಾಗಲಿಲ್ಲ. ಪೈ ಅಟ್ಟದ ಮೇಲಿತ್ತು, ತಗಡಿನ ಹತ್ತಿರ. ಅಲ್ಲಿ ಗಾಳಿ 41 ಡಿಗ್ರಿ, ನೆಲದ ಹತ್ತಿರ 36. ಫ್ಯಾನ್ ಆಗಲಿ ಡಬ್ಬಿ ಆಗಲಿ ಚಿಪ್ಪನ್ನು ಕೋಣೆಯ ಗಾಳಿಗಿಂತ ತಣ್ಣಗೆ ಮಾಡಲಾರವು. ಕೆಳಗೆ ಸ್ಟೂಲಿನ ಮೇಲೆ, ರೆಕ್ಕೆಗಳು ನೆಟ್ಟಗಿರುವಂತೆ ನಿಲ್ಲಿಸಿದೆ. ಬಿಸಿಗಾಳಿ ತಾನೇ ಮೇಲೇರಿ ಹೋಗುತ್ತದೆ. 61ಕ್ಕೆ ಬಂತು. ಲೋಹದ ಡಬ್ಬಿಯಿಂದ ವೈಫೈ ಸ್ವಲ್ಪ ಕುಂದಿದೆ, ಅದಕ್ಕೆ ಲ್ಯಾನ್ ಕೇಬಲ್ ಎಳೆದೆ. ಎಳೆ ಈಗಲೂ ಕೂರುತ್ತದೆ, ಆದರೆ ಹೊರಗೆ. ವಾರಕ್ಕೊಮ್ಮೆ ಬಣ್ಣ ಹಚ್ಚುವ ಬ್ರಷ್‌ನಿಂದ ಒರೆಸಿದರೆ ಸಾಕು.

ಕೆಲಸ ಮಾಡುತ್ತಾ ಕಾಕಾನಿಗೆ ಒಂದು ಕಥೆ ಹೇಳಿದೆ. ಬಿಬಿಸಿ ಮೈಕ್ರೋ ಮಾಡಿದ ಏಕಾರ್ನ್ ಕಂಪನಿಯೇ 1985ರಲ್ಲಿ ಆರ್ಮ್ ಅನ್ನುವ ಬಗೆಯ ಮೊದಲ ಪ್ರೊಸೆಸರ್ ಚಿಪ್ಪನ್ನೂ ಮಾಡಿತು. ಪೈಯಲ್ಲಿರುವುದು ಅದೇ ವಂಶದ್ದು. ಆ ಮೊದಲ ಚಿಪ್ಪನ್ನು ಪರೀಕ್ಷಿಸುವಾಗ ಕರೆಂಟ್ ಅಳೆಯುವ ಮೀಟರ್ ಸೊನ್ನೆ ತೋರಿಸಿತಂತೆ. ನೋಡಿದರೆ ಅದಕ್ಕೆ ಪವರ್ ಸಂಪರ್ಕವೇ ಇರಲಿಲ್ಲ. ಪಕ್ಕದ ಸರ್ಕ್ಯೂಟುಗಳಿಂದ ಸೋರಿ ಬಂದ ಕರೆಂಟಿನಲ್ಲೇ ಅದು ಓಡುತ್ತಿತ್ತು. ಕಾಕಾ ನೋಟ್‌ಬುಕ್ ಮುಚ್ಚಿಟ್ಟು ಕೇಳಿದರು. ಆಮೇಲೆ ಡಬ್ಬಿ ಮುಟ್ಟಿ, “ಮತ್ತ ಇದ್ಯಾಕ ಇಷ್ಟ ಬಿಸಿ ಆಗತೈತಿ?” ಅಂದರು. ಇದರೊಳಗೆ ಅಂಥದ್ದು ನಾಲ್ಕು ಕೋರ್, ಒಂದೊಂದೂ 1.5 ಗಿಗಾಹರ್ಟ್ಸ್ ಅಂತ ವಿವರಿಸಿದೆ.

ಹೋದ ವಾರ ಮಧ್ಯಾಹ್ನ ಮೂರಕ್ಕೆ ಆ ರಾಗವನ್ನು ಮತ್ತೆ ಓಡಿಸಿದೆ. ಕೆಳಗೆ ಮಗ್ಗ ನಡೆದಿತ್ತು, ಒಂದು ಸ್ವರವೂ ಕಡಿಯಲಿಲ್ಲ. ಥ್ರಾಟಲ್ ಕೇಳಿದರೆ ಬರೀ ಸೊನ್ನೆ. ಕಾಕಾ ಮುಂದಿನ ಪುಟ ತೆರೆದರು. ಅದರಲ್ಲಿ 140ನೇ ಸಾಲಿನ ಶಾಯಿ ಅಳಿಸಿ ಹೋಗಿದೆ. ಏನಿದ್ದಿರಬಹುದು ಅಂತ ಇಬ್ಬರೂ ಇನ್ನೂ ಹುಡುಕುತ್ತಿದ್ದೇವೆ.